ಯಂತ್ರದೊಳಗೆ ಯಂತ್ರ ಕಂಡ ಅಲನ್ ಟ್ಯೂರಿಂಗ್

ಮಕ್ಕಳೇ, ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್, ಪೀಣ್ಯ ಎಂಬ ಹೆಸರುಗಳನ್ನು ನೀವು ಕೇಳಿದ್ದೀರಿ. ನಿಮ್ಮಲ್ಲಿ ಕೆಲವರ ಮನೆಯೂ ಅಲ್ಲೇ ಇರಬಹುದು. ಗುಜರಿ ಅಂಗಡಿಯ ಮುಂದೆ ಹಳೆಯ ಗಣಕಯಂತ್ರಗಳು ಬಿದ್ದಿರುವುದನ್ನು ಎಂದಾದರೂ ನೋಡಿದ್ದೀರಾ? ಯಂತ್ರವೇನೋ ಗುಜರಿಗೆ ಹೋಯಿತು. ಆದರೆ ಆ ಯಂತ್ರಕ್ಕೆಂದೇ ಬರೆದ ತಂತ್ರಾಂಶದ ಗತಿ ಏನು?

ಒಂದು ಉದಾಹರಣೆ ನೋಡಿ. 1980ರ ದಶಕದಲ್ಲಿ ಆ್ಯಪಲ್ 2 ಎಂಬ ಗಣಕಕ್ಕಾಗಿ ‘ಮ್ಯೂಸಿಕ್ ಕನ್‌ಸ್ಟ್ರಕ್ಷನ್ ಸೆಟ್’ ಎಂಬ ತಂತ್ರಾಂಶ ಬಂದಿತು. ಅದನ್ನು ಬರೆದ ವಿಲ್ ಹಾರ್ವೆ ಆಗಿನ್ನೂ ಶಾಲೆಗೆ ಹೋಗುವ ಹುಡುಗ. ಪರದೆಯ ಮೇಲೆ ಸ್ವರಗಳ ಗುರುತುಗಳನ್ನು ಜೋಡಿಸಿದರೆ ಸಾಕು, ಗಣಕ ಅವನ್ನು ನುಡಿಸುತ್ತಿತ್ತು. ಆ್ಯಪಲ್ 2 ತಯಾರಿಕೆ 1993ರಲ್ಲಿ ನಿಂತುಹೋಯಿತು. ಆದರೂ ಆ ತಂತ್ರಾಂಶವನ್ನು ಇಂದಿನ ಗಣಕದಲ್ಲಿ ನಡೆಸಬಹುದು! ಹೇಗೆ ಗೊತ್ತೇ? ಬಯಲಾಟದಲ್ಲಿ ನಟ ರಾಮನ ವೇಷ ಹಾಕುವಂತೆ, ಹೊಸ ಗಣಕ ಹಳೆಯ ಗಣಕದ ವೇಷ ಹಾಕುತ್ತದೆ. ಹೀಗೆ ವೇಷ ಹಾಕಿಸುವ ತಂತ್ರಾಂಶಕ್ಕೆ ಎಮ್ಯುಲೇಟರ್ ಎಂದು ಹೆಸರು.

ಒಂದು ಯಂತ್ರ ಇನ್ನೊಂದು ಯಂತ್ರದಂತೆ ನಡೆಯಬಲ್ಲದು ಎಂಬುದನ್ನು, ಇಂದಿನಂಥ ಗಣಕಗಳು ಹುಟ್ಟುವ ಮೊದಲೇ ಕಾಗದದ ಮೇಲೆ ತೋರಿಸಿಕೊಟ್ಟವನು ಅಲನ್ ಟ್ಯೂರಿಂಗ್.

ಟ್ಯೂರಿಂಗ್ ಹುಟ್ಟಿದ್ದು 1912ರ ಜೂನ್ 23ರಂದು, ಲಂಡನ್ನಿನಲ್ಲಿ. ಆದರೆ ಅವನ ಮನೆತನಕ್ಕೂ ನಮ್ಮ ನಾಡಿಗೂ ನಂಟಿತ್ತು. ಅವನ ತಂದೆ ಜೂಲಿಯಸ್ ಆಗಿನ ಮದರಾಸು ಪ್ರಾಂತ್ಯದಲ್ಲಿ ಅಧಿಕಾರಿ. ಕೆಲಕಾಲ ಬಳ್ಳಾರಿ ಜಿಲ್ಲೆಯಲ್ಲೂ ಕೆಲಸ ಮಾಡಿದ್ದರು. ತಾಯಿಯ ತಂದೆ ಎಡ್ವರ್ಡ್ ಸ್ಟೋನಿ ರೈಲ್ವೆ ಎಂಜಿನಿಯರ್. ತುಂಗಭದ್ರಾ ನದಿಗೆ ಸೇತುವೆ ಕಟ್ಟಿಸಿದವರಲ್ಲಿ ಅವರೂ ಒಬ್ಬರು. ತಂದೆ ತಾಯಿ ಭಾರತದಲ್ಲಿದ್ದಾಗ ಅಲನ್ ಮತ್ತು ಅವನ ಅಣ್ಣ ಇಂಗ್ಲೆಂಡಿನಲ್ಲಿ ಬೇರೆಯವರ ಮನೆಯಲ್ಲಿ ಬೆಳೆಯಬೇಕಾಯಿತು.

1926ರಲ್ಲಿ ಅವನು ಹೊಸ ಶಾಲೆಗೆ ಸೇರಬೇಕಿದ್ದ ದಿನವೇ ಇಂಗ್ಲೆಂಡಿನಲ್ಲಿ ದೊಡ್ಡ ಮುಷ್ಕರ. ರೈಲುಗಳಿಲ್ಲ. 13 ವರ್ಷದ ಅಲನ್ ಸೈಕಲ್ ಹತ್ತಿ ಹೊರಟೇಬಿಟ್ಟ. ದಾರಿಯಲ್ಲಿ ಒಂದು ರಾತ್ರಿ ತಂಗಿ, ಸುಮಾರು 100 ಕಿಲೋಮೀಟರ್ ತುಳಿದು ಶಾಲೆ ಸೇರಿದ. ಬೆಂಗಳೂರಿನಿಂದ ಮಂಡ್ಯಕ್ಕೆ ಹೋದಷ್ಟು ದೂರ!

ಮುಂದೆ ಕೇಂಬ್ರಿಜ್‌ನಲ್ಲಿ ಗಣಿತ ಓದಿದ. 1936ರಲ್ಲಿ, 23ನೆಯ ವಯಸ್ಸಿನಲ್ಲಿ, ಒಂದು ಪ್ರಬಂಧ ಬರೆದ. ಅದರಲ್ಲಿದ್ದ ಹೊಸ ವಿಚಾರವನ್ನು ಹೀಗೆ ತಿಳಿಯೋಣ. ಪೀಣ್ಯದ ಕಾರ್ಖಾನೆಯಲ್ಲಿ ಕೊರೆಯುವ ಯಂತ್ರ ಕೊರೆಯುತ್ತದೆ, ಉಜ್ಜುವ ಯಂತ್ರ ಉಜ್ಜುತ್ತದೆ. ಒಂದೊಂದು ಕೆಲಸಕ್ಕೆ ಒಂದೊಂದು ಯಂತ್ರ. ಆದರೆ ಲೆಕ್ಕ ಮಾಡುವ ಯಂತ್ರಗಳಿಗೆ ಹೀಗಿರಬೇಕಾಗಿಲ್ಲ ಎಂದು ಟ್ಯೂರಿಂಗ್ ಕಂಡುಕೊಂಡ. ಯಾವುದೇ ಲೆಕ್ಕದ ಯಂತ್ರ ಹೇಗೆ ನಡೆಯುತ್ತದೆ ಎಂಬ ನಿಯಮಗಳನ್ನು ಒಂದು ಪಟ್ಟಿಯ ಮೇಲೆ ಬರೆದುಕೊಟ್ಟರೆ, ಅದನ್ನು ಓದಿ ಆ ಯಂತ್ರದಂತೆಯೇ ನಡೆಯುವ ಒಂದೇ ಯಂತ್ರ ಇರಬಲ್ಲದು. ಅದನ್ನು ಸಾರ್ವತ್ರಿಕ ಯಂತ್ರ ಎನ್ನುತ್ತಾರೆ. ಇಂದಿನ ಗಣಕಗಳ ಮೂಲದಲ್ಲಿರುವುದು ಇದೇ ವಿಚಾರ. ಎಮ್ಯುಲೇಟರ್ ಕೆಲಸ ಮಾಡುವುದೂ ಇದರಿಂದಲೇ.

ಎರಡನೆಯ ಮಹಾಯುದ್ಧದಲ್ಲಿ ಅವನು ಬ್ಲೆಚ್ಲಿ ಪಾರ್ಕ್ ಎಂಬಲ್ಲಿ ಜರ್ಮನರ ಗುಪ್ತಲಿಪಿಯನ್ನು ಒಡೆಯುವ ಕೆಲಸ ಮಾಡಿದ. ಆಗಲೂ ಸೈಕಲ್ಲೇ ಸಂಗಾತಿ. ಅದರ ಚೈನು ಆಗಾಗ ಕಳಚುತ್ತಿತ್ತು. ಎಷ್ಟು ಸುತ್ತಿಗೆ ಕಳಚುತ್ತದೆ ಎಂದು ಲೆಕ್ಕ ಇಟ್ಟು, ಅದಕ್ಕೆ ಮುಂಚೆಯೇ ಎಚ್ಚರ ವಹಿಸುತ್ತಿದ್ದನಂತೆ!

1948ರಲ್ಲಿ ಟ್ಯೂರಿಂಗ್ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯಕ್ಕೆ ಬಂದ. 1951ರಲ್ಲಿ ಅಲ್ಲಿಗೆ ಫೆರಾಂಟಿ ಮಾರ್ಕ್ 1 ಎಂಬ ದೊಡ್ಡ ಗಣಕ ಬಂದಿತು. ಅದನ್ನು ಬಳಸುವ ಕೈಪಿಡಿಯನ್ನು ಬರೆದವನು ಅವನೇ. ಕೆಲಸ ಎಲ್ಲಿಗೆ ಬಂದಿದೆ ಎಂದು ತಿಳಿಸಲು ಆ ಯಂತ್ರಕ್ಕೆ ಒಂದು ಧ್ವನಿವರ್ಧಕ ಇತ್ತು. ಒಂದು ಆದೇಶ ಕೊಟ್ಟರೆ ‘ಟಿಕ್’ ಎಂಬ ಸದ್ದು. ಸೆಕೆಂಡಿಗೆ ಸುಮಾರು 520 ಬಾರಿ ಟಿಕ್ ಎಂದರೆ? ಅದು ಟಿಕ್ ಟಿಕ್ ಎಂದು ಕೇಳುವುದಿಲ್ಲ, ಒಂದು ಸ್ವರವಾಗಿ ಕೇಳುತ್ತದೆ.

ನೀವೇ ಮಾಡಿ ನೋಡಿ. ಸೈಕಲನ್ನು ತಲೆಕೆಳಗು ನಿಲ್ಲಿಸಿ. ದೊಡ್ಡವರು ಒಬ್ಬರು ಪೆಡಲ್ ತಿರುಗಿಸಲಿ. ನೀವು ಉದ್ದನೆಯ ದಪ್ಪ ಕಾಗದದ ತುದಿಯನ್ನು ಹಿಂದಿನ ಚಕ್ರದ ಕಡ್ಡಿಗಳಿಗೆ ತಾಗಿಸಿ. ಬೆರಳು ದೂರವಿರಲಿ! ನಿಧಾನವಾಗಿ ತಿರುಗಿದರೆ ಪಟಪಟ ಸದ್ದು. ವೇಗ ಹೆಚ್ಚಿದಂತೆ ಪಟಪಟ ಹೋಗಿ ಗುಂಯ್ ಎಂಬ ನಾದ ಬರುತ್ತದೆ. ವೇಗ ಇನ್ನೂ ಹೆಚ್ಚಿದರೆ ಸ್ವರ ಮೇಲೇರುತ್ತದೆ.

ಟ್ಯೂರಿಂಗ್‌ನಿಂದ ಕೈಪಿಡಿ ಪಡೆದವರಲ್ಲಿ ಕ್ರಿಸ್ಟೋಫರ್ ಸ್ಟ್ರೇಚಿ ಎಂಬ ಶಾಲಾ ಶಿಕ್ಷಕರೂ ಒಬ್ಬರು. ಗಣಕ ತನ್ನನ್ನು ತಾನೇ ಅನುಕರಿಸುವಂತೆ ಒಂದು ತಂತ್ರಾಂಶ ಬರೆಯಲು ಟ್ಯೂರಿಂಗ್ ಅವರಿಗೆ ಸೂಚಿಸಿದ. ಸ್ಟ್ರೇಚಿ ಸುಮಾರು 20 ಹಾಳೆ ಬರೆದು ತಂದು, ರಾತ್ರಿಯಿಡೀ ಯಂತ್ರದ ಮುಂದೆ ಕುಳಿತರು. ಬೆಳಗಾಗುವ ಹೊತ್ತಿಗೆ ತಂತ್ರಾಂಶ ನಡೆಯಿತು. ಕೊನೆಯಲ್ಲಿ ಯಂತ್ರ ಬ್ರಿಟನ್ನಿನ ರಾಷ್ಟ್ರಗೀತೆಯನ್ನೂ ನುಡಿಸಿತು! ಅದೇ ವರ್ಷ ಬಿಬಿಸಿಯವರು ಆ ಗಣಕದ ಮೂರು ಧಾಟಿಗಳನ್ನು ಧ್ವನಿಮುದ್ರಿಸಿಕೊಂಡರು.

ಇಷ್ಟು ಕೊಟ್ಟವನಿಗೆ ಅವನ ದೇಶ ಏನು ಕೊಟ್ಟಿತು? ಟ್ಯೂರಿಂಗ್ ಒಬ್ಬ ಗಂಡಸನ್ನು ಪ್ರೀತಿಸಿದ್ದ. ಅಂದಿನ ಇಂಗ್ಲೆಂಡಿನ ಕಾನೂನಿನಲ್ಲಿ ಅದು ಅಪರಾಧವಾಗಿತ್ತು. 1952ರಲ್ಲಿ ನ್ಯಾಯಾಲಯ ಅವನನ್ನು ತಪ್ಪಿತಸ್ಥನೆಂದಿತು. ಒತ್ತಾಯದ ಔಷಧಿಯನ್ನು ಅವನು ಸಹಿಸಬೇಕಾಯಿತು. 1954ರ ಜೂನ್ 7ರಂದು ತೀರಿಕೊಂಡಾಗ ಅವನಿಗೆ 41 ವರ್ಷ. ಯುದ್ಧಕಾಲದ ಅವನ ಕೆಲಸ ಆಗಿನ್ನೂ ಗುಟ್ಟಾಗಿಯೇ ಇತ್ತು. 2009ರಲ್ಲಿ ಬ್ರಿಟನ್ನಿನ ಪ್ರಧಾನಿ ಸರ್ಕಾರದ ಪರವಾಗಿ ಕ್ಷಮೆ ಕೇಳಿದರು. 2021ರಲ್ಲಿ ಅಲ್ಲಿನ 50 ಪೌಂಡ್ ನೋಟಿನ ಮೇಲೆ ಅವನ ಚಿತ್ರ ಬಂದಿತು. ಇವೆಲ್ಲ ಬಂದದ್ದು ಬಹಳ ತಡವಾಗಿ.

ಅವನು ಬಳಸಿದ ಆ ಗಣಕವೂ ಈಗಿಲ್ಲ. ಉಳಿದದ್ದು ಬಿಬಿಸಿಯ ಮುದ್ರಿಕೆ. ಅದರಲ್ಲೂ ಒಂದು ದೋಷವಿತ್ತು. ಆ ಯಂತ್ರ ಹೊರಡಿಸಲು ಸಾಧ್ಯವೇ ಇಲ್ಲದ ಸ್ವರಗಳು ಅದರಲ್ಲಿ ಕೇಳುತ್ತಿದ್ದವು! ಮುದ್ರಿಸುವಾಗ ವೇಗ ತಪ್ಪಿರಬೇಕು ಎಂದು 2016ರಲ್ಲಿ ನ್ಯೂಜಿಲೆಂಡಿನ ಜ್ಯಾಕ್ ಕೋಪ್‌ಲ್ಯಾಂಡ್ ಮತ್ತು ಜೇಸನ್ ಲಾಂಗ್ ತರ್ಕಿಸಿದರು. ಯಂತ್ರ ನಡೆಯುತ್ತಿದ್ದ ರೀತಿ ತಿಳಿದಿದ್ದರಿಂದ, ಅದು ಯಾವ ಯಾವ ಸ್ವರ ನುಡಿಸಬಲ್ಲದು ಎಂದು ಲೆಕ್ಕ ಹಾಕಿ ವೇಗವನ್ನು ಸರಿಪಡಿಸಿದರು. 65 ವರ್ಷಗಳ ಬಳಿಕ ಆ ಹಾಡು ಸರಿಯಾದ ಶ್ರುತಿಯಲ್ಲಿ ಕೇಳಿಸಿತು.

ಯಂತ್ರದ ಲೋಹ ಗುಜರಿಗೆ ಹೋದರೂ ಅದು ನಡೆಯುವ ನಿಯಮ ಬರೆದಿಟ್ಟಿದ್ದರೆ ಅದರ ಕೆಲಸವನ್ನು ಮತ್ತೆ ಪಡೆಯಬಹುದು. ಮುಂದಿನ ಸಲ ಗುಜರಿ ಅಂಗಡಿಯ ಮುಂದೆ ಹಳೆಯ ಗಣಕ ಕಂಡರೆ, ಅದು ಯಾವ ಯಾವ ಕೆಲಸ ಮಾಡುತ್ತಿತ್ತು ಎಂದು ನಿಮ್ಮ ಶಿಕ್ಷಕರನ್ನೋ ಮನೆಯ ಹಿರಿಯರನ್ನೋ ಕೇಳಿ, ಬರೆದಿಟ್ಟುಕೊಳ್ಳಿ.