ಮಯೂರಶರ್ಮನ ಅಪೂರ್ಣ ವ್ಯಾಸಂಗ

ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರ ದೇವಾಲಯದ ಎದುರಿಗೆ, ಒಂದು ಶಿಲಾಸ್ತಂಭವಿದೆ. ಕದಂಬ ವಂಶದ ಮೂಲಪುರುಷನಾದ ಮಯೂರಶರ್ಮನ ಚರಿತ್ರೆ ನಮಗೆ ದೊರೆತಿರುವುದು ಬಹುಮಟ್ಟಿಗೆ ಆ ಕಂಬದಿಂದಲೇ. ಕುಬ್ಜನೆಂಬ ಕವಿ ಅದನ್ನು ಸಂಸ್ಕೃತ ವೃತ್ತಗಳಲ್ಲಿ ರಚಿಸಿ ತಾನೇ ಕಲ್ಲಿನ ಮೇಲೆ ಬರೆದನು. ಮಯೂರನ ಮರಿಮಗನಾದ ಕಾಕುಸ್ಥವರ್ಮನು ಅಲ್ಲಿ ಕಟ್ಟಿಸಿದ ಕೆರೆಯ ನೆನಪಿಗಾಗಿ, ಅವನ ಮಗ ಶಾಂತಿವರ್ಮನ ಕಾಲದಲ್ಲಿ, ಈ ಶಾಸನ ಸಿದ್ಧವಾಯಿತು. ಕೆರೆಯ ಶಾಸನದಲ್ಲಿ ಒಬ್ಬ ವಿದ್ಯಾರ್ಥಿಯ ಕಥೆ ಸೇರಿಕೊಂಡದ್ದು ನಮ್ಮ ಭಾಗ್ಯವೆನ್ನಬೇಕು.

ಮನೆಯ ಬಳಿ ಬೆಳೆದಿದ್ದ ಕದಂಬವೃಕ್ಷವನ್ನು ಆರೈಕೆಮಾಡಿ ಅದರಿಂದಲೇ ಹೆಸರು ಪಡೆದ ಕುಟುಂಬ ಅದು. ಮಾನವ್ಯ ಗೋತ್ರದವರು, ಹಾರೀತೀಪುತ್ರರು, ವೇದಾಧ್ಯಯನವನ್ನೂ ಯಜ್ಞಕರ್ಮಗಳನ್ನೂ ತಪ್ಪದೆ ನಡೆಸಿಕೊಂಡು ಬಂದವರು. ಅಂತಹ ಮನೆಯಲ್ಲಿ ಹುಟ್ಟಿದ ಮಯೂರಶರ್ಮನು ಶ್ರುತ, ಶೀಲ, ಶೌಚಗಳಿಂದ ಭೂಷಿತನಾಗಿದ್ದನೆಂದು ಕವಿ ಹೇಳುತ್ತಾನೆ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಕಂಚಿಗೆ ಹೊರಟಾಗ ಆತ ಅಕ್ಷರಾಭ್ಯಾಸಕ್ಕೆ ಹೊರಟ ಬಾಲಕನಲ್ಲ, ಓದಿಕೊಂಡಿದ್ದವನು. ಗುರುವಾದ ವೀರಶರ್ಮನೊಡನೆ (ಈತ ಅವನ ತಾತನೆಂದು ಹೇಳುವವರೂ ಉಂಟು) ಪಲ್ಲವರ ರಾಜಧಾನಿಯನ್ನು ಸೇರಿ, ಸಮಗ್ರ ಪ್ರವಚನವನ್ನು ಕಲಿಯುವ ಹಂಬಲದಿಂದ ಅಲ್ಲಿನ ಘಟಿಕೆಯನ್ನು ಪ್ರವೇಶಿಸಿದನು. ಬೇಗನೆ ಹೊಕ್ಕನೆಂದು ಕವಿಯ ಮಾತು. ಒಳಗೆ ಹೋಗಲು ಅಷ್ಟು ಆತುರವಿದ್ದವನೇ ಅಷ್ಟೇ ಆತುರದಿಂದ ಹೊರಗೆ ಬಂದದ್ದು ವಿಧಿಯ ವಿನೋದ.

ಆ ಕಾಲದಲ್ಲಿ ನ್ಯಾಯಶಾಸ್ತ್ರವೆಂಬ ಪ್ರತ್ಯೇಕ ಪದವಿ ಇರಲಿಲ್ಲ. ದಾಯಭಾಗ, ಸಾಲ, ಗಡಿವಿವಾದ, ದಂಡನೆ ಇವೆಲ್ಲವೂ ಧರ್ಮಶಾಸ್ತ್ರಕ್ಕೆ ಸೇರಿದ್ದವು. ಧರ್ಮಶಾಸ್ತ್ರ ವೇದಕ್ಕೆ ಅಂಟಿಕೊಂಡಿತ್ತು. ಎಷ್ಟು ವರ್ಷ ಓದಬೇಕೆಂಬ ಪ್ರಶ್ನೆ ಮಾತ್ರ ಆಗಲೂ ಇತ್ತು. ಮನುಸ್ಮೃತಿಯ ಮೂರನೆಯ ಅಧ್ಯಾಯದ ಮೊದಲಲ್ಲೇ ಅದಕ್ಕೆ ಉತ್ತರವಿದೆ. ಮೂರು ವೇದಗಳಿಗೆ ಗುರುವಿನ ಬಳಿ ೩೬ ವರ್ಷ; ಇಲ್ಲವೇ ಅದರ ಅರ್ಧ, ಎಂದರೆ ೧೮; ಇಲ್ಲವೇ ಕಾಲುಭಾಗ, ೯; ಅದೂ ಬೇಡವಾದರೆ ವಿಷಯ ಮನದಟ್ಟಾಗುವವರೆಗೆ. ಅವಧಿಯನ್ನು ಇಳಿಸಿರೆಂಬ ಒತ್ತಾಯ ಸ್ಮೃತಿಕಾರನ ಬಾಗಿಲಿಗೂ ಬಂದಿದ್ದಿರಬೇಕು! ಮೊದಲ ಮೂರು ವಿಕಲ್ಪಗಳು ಕಾಲದ ಲೆಕ್ಕ, ನಾಲ್ಕನೆಯದು ಗ್ರಹಿಕೆಯ ಲೆಕ್ಕ. ಈ ಉದಾರತೆಯೆಲ್ಲ ಬಾಗಿಲೊಳಗೆ ಬಂದವರಿಗೆ ಮಾತ್ರ. ಶೂದ್ರರಿಗೂ ಸ್ತ್ರೀಯರಿಗೂ ಆ ಬಾಗಿಲು ಮುಚ್ಚಿತ್ತೆಂಬುದನ್ನು ಮರೆಯುವಂತಿಲ್ಲ.

ಮಯೂರನ ವ್ಯಾಸಂಗ ಈ ನಾಲ್ಕರಲ್ಲಿ ಯಾವುದಕ್ಕೂ ಸೇರದೆ ನಿಂತಿತು. ಪಲ್ಲವರ ಅಶ್ವಾರೋಹಿಯೊಬ್ಬನೊಡನೆ ಅವನಿಗೆ ತೀವ್ರವಾದ ಕಲಹವಾಯಿತು. ಕಲಹದ ಕಾರಣವನ್ನು ಶಾಸನ ವಿವರಿಸುವುದಿಲ್ಲ; ಅದು ವಿವರಿಸುವುದು ಮಯೂರನ ಮನಸ್ಸಿನ ಕುದಿತವನ್ನು. ಗುರುಕುಲದಲ್ಲಿ ಶ್ರಮಿಸಿ ಶಾಖೆಯನ್ನು ಕಷ್ಟಪಟ್ಟು ಕಲಿತರೂ ಅದರ ಸಿದ್ಧಿ ಅರಸನ ಕೃಪೆಗೆ ಅಧೀನವಾಗಿದೆಯಲ್ಲಾ ಎಂಬುದು ಅವನ ನೋವು. ದರ್ಭೆ, ಸಮಿತ್ತು, ಸ್ರುಕ್ಕುಗಳನ್ನು ಹಿಡಿಯುತ್ತಿದ್ದ ಕೈ ಖಡ್ಗವನ್ನು ಸೆಳೆಯಿತು.

ಮುಂದಿನದು ಎಲ್ಲರೂ ಬಲ್ಲ ಕಥೆ. ಪಲ್ಲವರ ಗಡಿಕಾವಲಿನವರನ್ನು ಸೋಲಿಸಿ, ಶ್ರೀಪರ್ವತದವರೆಗಿನ ದುರ್ಗಮವಾದ ಕಾಡನ್ನು ಹಿಡಿದು, ಬೃಹದ್ಬಾಣರೇ ಮೊದಲಾದವರಿಂದ ಕಪ್ಪವನ್ನು ವಸೂಲುಮಾಡಿದನು. ಕಂಚಿಯ ಸೈನ್ಯ ಬೆನ್ನಟ್ಟಿದಾಗ ರಾತ್ರಿಯ ವೇಳೆ ಮೇಲೆಬಿದ್ದು ಕಂಗೆಡಿಸಿದನು. ಕೊನೆಗೆ ಪಲ್ಲವರೇ ಸಂಧಿಗೆ ಬಂದರು. ಆಗ ಮಯೂರನು ಅವರ ಸೇವೆಗೆ ನಿಂತು, ಪರಾಕ್ರಮದಿಂದ ಅವರನ್ನು ಮೆಚ್ಚಿಸಿ, ಪಶ್ಚಿಮ ಸಮುದ್ರದಿಂದ ಪ್ರೇಹರದವರೆಗಿನ ನೆಲವನ್ನು ಪಡೆದನು. ರಾಜ್ಯ ಹುಟ್ಟಿದ್ದು ಕತ್ತಿಯಿಂದಲೇ ಎಂದು ಹೇಳುವವರು ಈ ಒಪ್ಪಂದದ ಭಾಗವನ್ನು ಬಿಟ್ಟುಬಿಡುತ್ತಾರೆ. ಇದು ಸುಮಾರು ಕ್ರಿ.ಶ. ೩೪೫ರ ಹೊತ್ತಿನ ಮಾತೆಂದು ವಿದ್ವಾಂಸರ ಸಾಮಾನ್ಯ ಎಣಿಕೆ. ತಾಳಗುಂದದಿಂದ ಸೊರಬದ ಸೀಮೆಯನ್ನು ದಾಟಿದರೆ ಸಿಗುವ ಬನವಾಸಿ ರಾಜಧಾನಿಯಾಯಿತು.

ದೇವುಡು ಅವರ ಕಾದಂಬರಿಯೂ ಅದನ್ನಾಧರಿಸಿ ೧೯೭೫ರಲ್ಲಿ ಬಂದ ಚಲನಚಿತ್ರವೂ ಮಯೂರನನ್ನು ಮನೆಮನೆಗೆ ತಲುಪಿಸಿದವು. ಅದರಿಂದಾಗಿ ತರಗತಿಯಲ್ಲಿ ಈ ಶಾಸನದ ಪಾಠ ನಡೆಯುವಾಗ ಯಾರಾದರೊಬ್ಬ ಹುಡುಗ ಎದ್ದುನಿಂತು, ಓದು ಮುಗಿಸದೆಯೇ ದೊಡ್ಡವನಾದನಲ್ಲವೇ ಎಂದು ಕೇಳುವುದುಂಟು. ಪ್ರಶ್ನೆ ತಮಾಷೆಯದಲ್ಲ. ಕಾನೂನು ಓದಬೇಕೆನ್ನುವ ಹುಡುಗನಿಗೆ ಇಂದು ಎರಡು ದಾರಿಗಳಿವೆ: ಪದವಿಯ ನಂತರ ಮೂರು ವರ್ಷ, ಅಥವಾ ಪಿಯುಸಿ ಮುಗಿದೊಡನೆ ಐದು ವರ್ಷ. ಎರಡನೆಯದಕ್ಕೆ ದೇಶದಲ್ಲಿ ಪ್ರತಿಷ್ಠೆ ತಂದುಕೊಟ್ಟದ್ದು ೧೯೮೭ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕಾನೂನು ಶಾಲೆ. ಪಿಯುಸಿಯ ನಂತರ ಮೂರೇ ವರ್ಷ ಸಾಕೆಂಬ ಕೋರಿಕೆಯೊಂದು ೨೦೨೪ರಲ್ಲಿ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ನ್ಯಾಯಾಲಯ ಅದನ್ನು ಪುರಸ್ಕರಿಸಲಿಲ್ಲ. ಅಮೆರಿಕದಲ್ಲಿ ಮೂರು ವರ್ಷದ ಪಾಠವನ್ನು ಎರಡಕ್ಕೆ ಒತ್ತಿ ಕಲಿಸುವ ಕಾಲೇಜುಗಳೂ ಇವೆ.

ಸೊರಬದ ಒಬ್ಬ ಭತ್ತದ ರೈತನಿಗೆ ಮಗನ ಓದಿನ ಎರಡು ವರ್ಷವೆಂದರೆ ಎರಡು ಬೆಳೆಯ ಹಣ, ಎರಡು ವರ್ಷದ ಹಾಸ್ಟೆಲ್ ಖರ್ಚು, ಮನೆಯಲ್ಲಿ ಒಂದು ಜೊತೆ ಕೈಗಳ ಕೊರತೆ. ಅವಧಿ ಇಳಿಯಲಿ ಎಂಬ ಕೂಗಿನಲ್ಲಿ ಈ ಸಂಕಟವಿದೆ. ಅದನ್ನು ಸೋಮಾರಿತನವೆಂದು ಹೀಗಳೆಯುವ ಹಿರಿಯರನ್ನು ನಾನು ಒಪ್ಪಲಾರೆ. ಆದರೆ ಅದೇ ರೈತ ನಾಳೆ ಬಗರ್‌ಹುಕುಂ ಜಮೀನಿನ ಕಾಗದಗಳನ್ನು ಹಿಡಿದುಕೊಂಡು ಶಿಕಾರಿಪುರದ ನ್ಯಾಯಾಲಯದ ಮೆಟ್ಟಿಲೇರಿದಾಗ, ಅರೆಬರೆ ಕಲಿತ ವಕೀಲನ ಕೈಗೆ ಸಿಕ್ಕಿದರೆ, ಉಳಿಸಿದ ಎರಡು ವರ್ಷದ ಬೆಲೆಯನ್ನು ತೆರುವವನು ಅವನೇ. ಮಯೂರನನ್ನು ಈ ವಾದಕ್ಕೆ ಸಾಕ್ಷಿಯಾಗಿ ಕರೆಯುವವರು ಆತ ಮನೆಯಿಂದಲೇ ಹೊತ್ತುತಂದಿದ್ದ ಶ್ರುತವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅವನಿಗೆ ತಪ್ಪಿದ್ದು ಕೊನೆಯ ಘಟ್ಟ, ತಳಪಾಯವಲ್ಲ. ಪದವೀಧರನಿಗೆ ಮೂರು ವರ್ಷ ಸಾಲುವುದು ಅವನು ಅಷ್ಟನ್ನು ಮೊದಲೇ ತಂದಿರುವುದರಿಂದ. ಹದಿನೆಂಟರ ಹುಡುಗನಿಗೂ ಅಷ್ಟೇ ಸಾಲುತ್ತದೆಂದು ನನಗೆ ತೋರುವುದಿಲ್ಲ. ಮನುವಿನ ನಾಲ್ಕನೆಯ ವಿಕಲ್ಪವನ್ನು ಪರೀಕ್ಷೆಯಿಂದ ಸಾಧಿಸಬಹುದಾದರೆ ಮಾತು ಬೇರೆ. ಇಂದಿನ ಪರೀಕ್ಷೆಗಳು ಅದಕ್ಕೆ ತಕ್ಕಂತಿಲ್ಲ.

ಮಯೂರನಿಗೆ ವಿದ್ಯೆಗಾಗಿ ಕಂಚಿಯವರೆಗೆ ಹೋಗಬೇಕಾಯಿತು. ಎಂಟು ಶತಮಾನಗಳ ತರುವಾಯ ಆ ನೆಲದವರಿಗೆ ಅಂತಹ ಅಗತ್ಯ ಉಳಿದಿರಲಿಲ್ಲ. ತಾಳಗುಂದಕ್ಕೆ ಸಮೀಪದ ಬಳ್ಳಿಗಾವೆಯ ಕೋಡಿಯಮಠದಲ್ಲಿ ವೇದ, ವ್ಯಾಕರಣ, ದರ್ಶನ, ಪುರಾಣ, ಕಾವ್ಯ, ನಾಟಕಗಳ ಜೊತೆಗೆ ಧರ್ಮಶಾಸ್ತ್ರದ ಪಾಠವೂ ನಡೆಯುತ್ತಿತ್ತೆಂದು ೧೧೬೨ರ ಶಾಸನ ತಿಳಿಸುತ್ತದೆ. ಬಡವರಿಗೆ ಅನ್ನ, ರೋಗಿಗಳಿಗೆ ಔಷಧ ಕೂಡ ಅಲ್ಲಿ ಸಿಗುತ್ತಿದ್ದವು.

ಅರಸನಾದ ಮೇಲೆ ಮಯೂರನು ಕಂಚಿಗೆ ಹಿಂತಿರುಗಿ ಪ್ರವಚನವನ್ನು ಮುಗಿಸಿದನೆಂದು ಯಾವ ಶಾಸನವೂ ಹೇಳುವುದಿಲ್ಲ. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ಅವನ ಕೆರೆಯನ್ನು ಕುರಿತ ಪ್ರಾಕೃತ ಶಾಸನವಿದೆ. ಅದರಲ್ಲಿ ಬರುವ ರಾಜರ ಪಟ್ಟಿಯ ಬಗೆಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಹೆಸರು ಮಾತ್ರ ಅಲ್ಲಿಯೂ ಮಯೂರಶರ್ಮನೇ. ರಾಜ್ಯ ಕಟ್ಟಿದವನು ಶರ್ಮನಾಗಿಯೇ ಉಳಿದನು. ವರ್ಮನಾದವನು ಮಗ ಕಂಗವರ್ಮ. ಆ ವರ್ಮರೂ ತಮ್ಮ ತಾಮ್ರಪಟಗಳಲ್ಲಿ ಹೇಳಿಕೊಳ್ಳುವ ವಂಶದ ಬಿರುದುಗಳಲ್ಲಿ ಒಂದು ಗಮನಾರ್ಹವಾದುದು. ತಾವು ಸ್ವಾಧ್ಯಾಯದಲ್ಲಿಯೂ ಅದರ ಚರ್ಚೆಯಲ್ಲಿಯೂ ಪಾರಂಗತರಾದವರೆಂದು ಬನವಾಸಿಯ ಕದಂಬರು ತಲೆಮಾರುಗಳವರೆಗೆ ಬರೆಯಿಸುತ್ತ ಬಂದರು.