ಶಿಲೆಗೆ ಧಾರವಾಡದ ಹೆಸರಿತ್ತ ಬ್ರೂಸ್ ಫೂಟ್

ಉಮರ್ಗಾ, ನಿಲಂಗಾ, ಉದಗೀರ ಸೀಮೆಯ ಎರೆಮಣ್ಣಿನಡಿ ಲಾವಾರಸ ಹೆಪ್ಪುಗಟ್ಟಿ ರೂಪುಗೊಂಡ ಕರಿಶಿಲೆಯಿದೆ. ದಕ್ಷಿಣಕ್ಕೆ ಸಾಗಿದಂತೆ ಅದು ಮುಗಿದು, ಅದಕ್ಕಿಂತ ಬಹು ಪ್ರಾಚೀನವಾದ ಶಿಲೆಗಳು ಗೋಚರಿಸುತ್ತವೆ. ಅವುಗಳಲ್ಲಿ ಒಂದು ವರ್ಗಕ್ಕೆ ಧಾರವಾಡದ ಹೆಸರನ್ನಿತ್ತವರು ರಾಬರ್ಟ್ ಬ್ರೂಸ್ ಫೂಟ್.

1834ರಲ್ಲಿ ಇಂಗ್ಲೆಂಡಿನ ಚೆಲ್ಟನ್‌ಹ್ಯಾಮಿನಲ್ಲಿ ಜನಿಸಿದ ಫೂಟ್, 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯನ್ನು ಸೇರಿದರು. ಶಿಲೆಗಳನ್ನು ಗುರುತಿಸಿ ನಕ್ಷೆ ರಚಿಸುವುದು, ಖನಿಜಗಳ ನೆಲೆಯನ್ನು ಅರಸುವುದು ಅವರ ವೃತ್ತಿ. ಅಂದಿನ ಸರಕಾರ ದಕ್ಷಿಣ ಮರಾಠಾ ಸೀಮೆಯೆಂದು ಕರೆಯುತ್ತಿದ್ದ ಕನ್ನಡ ಜಿಲ್ಲೆಗಳ ಭೂರಚನೆಯನ್ನು ಕುರಿತ ಅವರ ಗ್ರಂಥ 1876ರಲ್ಲಿ ಪ್ರಕಟವಾಯಿತು. ದಕ್ಷಿಣ ಭಾರತದ ಚಿನ್ನ ಮುಖ್ಯವಾಗಿ ಧಾರವಾಡ ವರ್ಗದ ಶಿಲೆಗಳಲ್ಲಿಯೇ ಅಡಗಿದೆಯೆಂದು ಅವರು ಮುಂದೆ ಪ್ರತಿಪಾದಿಸಿದರು. ಕೋಲಾರದ ಗಣಿಗಳೂ ಈ ವರ್ಗಕ್ಕೆ ಸೇರಿದವು.

ಆದರೆ ಫೂಟರ ಕೀರ್ತಿ ನಿಂತಿರುವುದು ಚಿನ್ನದ ಮೇಲಲ್ಲ. 1863ರಲ್ಲಿ ಮದರಾಸಿನ ಸಮೀಪದ ಪಲ್ಲಾವರಂನಲ್ಲಿ ಅವರಿಗೆ ಶಿಲಾಯುಗದ ಆಯುಧವೊಂದು ದೊರೆಯಿತು. ಅಂದಿನಿಂದ ಸರ್ವೇಕ್ಷಣೆಗೆ ಹೋದೆಡೆಯಲ್ಲೆಲ್ಲ ಆದಿಮಾನವನ ಕುರುಹುಗಳನ್ನೂ ಆಯ್ದರು. ಬಳ್ಳಾರಿಯ ಬಳಿಯ ಸಂಗನಕಲ್ಲಿನ ನವಶಿಲಾಯುಗದ ನೆಲೆ ಹೀಗೆ ಬೆಳಕಿಗೆ ಬಂದಿತು. 1891ರಲ್ಲಿ ನಿವೃತ್ತರಾದ ಬಳಿಕ ಬರೋಡಾ ಹಾಗೂ ಮೈಸೂರು ಸಂಸ್ಥಾನಗಳಲ್ಲಿಯೂ ಸೇವೆ ಸಲ್ಲಿಸಿದರು. ಅವರ ಸಂಗ್ರಹವನ್ನು 1904ರಲ್ಲಿ ಮದರಾಸು ವಸ್ತುಸಂಗ್ರಹಾಲಯ ಕೊಂಡುಕೊಂಡಿತು. ಅದರ ವಿವರಣ ಸಂಪುಟಗಳು 1914 ಹಾಗೂ 1916ರಲ್ಲಿ ಹೊರಬಂದಾಗ ನೋಡಲು ಫೂಟ್ ಉಳಿದಿರಲಿಲ್ಲ, 1912ರಲ್ಲಿಯೇ ನಿಧನರಾಗಿದ್ದರು.

ಕನ್ನಡ ನಾಡಿನ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಶಾಸನಗಳಿಂದ ಆರಂಭಿಸುತ್ತೇವೆ. ಕಲ್ಲಿನಲ್ಲಿ ಅಕ್ಷರ ಮೂಡುವುದಕ್ಕೆ ಸಾವಿರಾರು ವರ್ಷ ಮೊದಲೇ ಆ ಕಲ್ಲನ್ನು ಹದಗೊಳಿಸಿದ ಕೈಗಳು ಈ ನೆಲದಲ್ಲಿದ್ದುವೆಂಬುದನ್ನು, ಖನಿಜವನ್ನರಸಿ ಬಂದ ಈ ಪರದೇಶಿಯು ತೋರಿಸಿಕೊಟ್ಟರು.