ಫ್ರೆಡ್ರಿಕ್ ಅಕ್ಬರ್ ಮೊಹಮದ್

ಫ್ರೆಡ್ರಿಕ್ ಹೆನ್ರಿ ಹೊರೇಷಿಯೊ ಅಕ್ಬರ್ ಮೊಹಮದ್ (೧೮೪೯–೧೮೮೪) ಭಾರತೀಯ ಮೂಲದ ಆಂಗ್ಲ ವೈದ್ಯರು. ತೋಳಿಗೆ ಗಾಳಿಪಟ್ಟಿ ಸುತ್ತಿ ರಕ್ತದೊತ್ತಡವನ್ನು ಅಳೆಯುವ ವಿಧಾನ ಬಳಕೆಗೆ ಬರುವ ಮೊದಲೇ, ಮಣಿಕಟ್ಟಿನ ನಾಡಿಯ ಅಲೆಯನ್ನು ಕಾಗದದ ಮೇಲೆ ಮೂಡಿಸಿ, ಅದರ ಆಕಾರದಿಂದ ಅಧಿಕ ರಕ್ತದೊತ್ತಡವನ್ನು ಗುರುತಿಸಿದವರು. ಮೂತ್ರಪಿಂಡದ ಕಾಯಿಲೆಯಿಲ್ಲದವರಲ್ಲಿಯೂ ರಕ್ತದೊತ್ತಡ ಏರಬಹುದೆಂದು ತೋರಿಸಿದ ಮೊದಲಿಗರಲ್ಲಿ ಇವರು ಪ್ರಮುಖರು.

ಮನೆತನ ಮತ್ತು ಶಿಕ್ಷಣ

ಮೊಹಮದರು ಇಂಗ್ಲೆಂಡಿನ ಕಡಲತೀರದ ಬ್ರೈಟನ್ ಪಟ್ಟಣದಲ್ಲಿ ಜನಿಸಿದರು. ಇವರ ಅಜ್ಜ ಪಾಟ್ನಾ ಮೂಲದ ಶೇಖ್ ದೀನ್ ಮೊಹಮದ್. ೧೭೯೪ರಲ್ಲಿ ಪ್ರವಾಸಕಥನವನ್ನು ಪ್ರಕಟಿಸಿ, ಇಂಗ್ಲಿಷಿನಲ್ಲಿ ಪುಸ್ತಕ ಬರೆದ ಮೊದಲ ಭಾರತೀಯರೆನಿಸಿದ ಅವರು, ಮುಂದೆ ಬ್ರೈಟನ್ನಿನಲ್ಲಿ ಹಬೆಸ್ನಾನ ಹಾಗೂ ಅಂಗಮರ್ದನದ ಸ್ನಾನಗೃಹವನ್ನು ನಡೆಸಿ ಹೆಸರಾಗಿದ್ದರು. ತಂದೆ ವ್ಯಾಯಾಮ ಹಾಗೂ ಕತ್ತಿವರಸೆಯನ್ನು ಕಲಿಸುತ್ತಿದ್ದರು. ಬ್ರೈಟನ್ನಿನಲ್ಲಿ ವೈದ್ಯಕೀಯ ಅಭ್ಯಾಸವನ್ನು ಆರಂಭಿಸಿದ ಮೊಹಮದರು ೧೮೬೯ರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯನ್ನು ಸೇರಿದರು.

ನಾಡಿಲೇಖಕದ ಸುಧಾರಣೆ

ಫ್ರಾನ್ಸಿನ ಶರೀರಶಾಸ್ತ್ರಜ್ಞ ಎಟಿಯೆನ್ ಜೂಲ್ ಮಾರೆ ೧೮೬೦ರ ಸುಮಾರಿಗೆ ಸ್ಫಿಗ್ಮೋಗ್ರಾಫ್ ಎಂಬ ನಾಡಿಲೇಖಕವನ್ನು ರೂಪಿಸಿದ್ದರು. ಮಣಿಕಟ್ಟಿಗೆ ಕಟ್ಟುವ ಈ ಉಪಕರಣದ ಸ್ಪ್ರಿಂಗ್ ನಾಡಿಯನ್ನು ಒತ್ತಿ ಹಿಡಿಯುತ್ತಿತ್ತು. ಮಿಡಿತಕ್ಕೆ ತಕ್ಕಂತೆ ಏರಿಳಿಯುವ ಕಡ್ಡಿಯು ಚಲಿಸುವ ಕಾಗದದ ಮೇಲೆ ಗೆರೆಯೆಳೆಯುತ್ತಿತ್ತು. ಮೊಹಮದರು ವಿದ್ಯಾರ್ಥಿದೆಸೆಯಲ್ಲಿಯೇ ಇದನ್ನು ಸುಧಾರಿಸಿ, ಸ್ಪ್ರಿಂಗಿನ ಬಲವನ್ನು ಔನ್ಸುಗಳಲ್ಲಿ ತಿಳಿಯುವಂತೆ ಮಾಡಿದರು. ರಕ್ತದೊತ್ತಡ ಏರಿದವರಲ್ಲಿ ಅಲೆಯ ನೆತ್ತಿ ಬೇಗ ಇಳಿಯದೆ ಅಗಲವಾಗಿ ನಿಲ್ಲುವುದನ್ನೂ, ನಾಡಿಯನ್ನು ಅದುಮಲು ಹೆಚ್ಚು ಬಲ ಬೇಕಾಗುವುದನ್ನೂ ಅವರು ದಾಖಲಿಸಿದರು.

ಸಂಶೋಧನೆ

ಮೂತ್ರದಲ್ಲಿ ಅಲ್ಬುಮಿನ್ ಕಾಣಿಸುವುದು ಬ್ರೈಟ್ ಕಾಯಿಲೆ ಎಂಬ ಮೂತ್ರಪಿಂಡರೋಗದ ಮುಖ್ಯ ಲಕ್ಷಣವೆಂದು ಅಂದಿನ ವೈದ್ಯರು ಭಾವಿಸಿದ್ದರು. ಸ್ಕಾರ್ಲೆಟ್ ಜ್ವರದ ರೋಗಿಗಳನ್ನು ಪರೀಕ್ಷಿಸಿದ ಮೊಹಮದರು, ಅಲ್ಬುಮಿನ್ ಕಾಣಿಸುವ ಮೊದಲೇ ರಕ್ತದೊತ್ತಡ ಏರುವುದನ್ನು ೧೮೭೪ರ ಪ್ರಬಂಧದಲ್ಲಿ ವಿವರಿಸಿದರು. ಆರೋಗ್ಯವಂತರಂತೆ ತೋರುವವರಲ್ಲಿಯೂ ಒತ್ತಡ ಏರಿರುವುದುಂಟು, ಅದು ಕಾಲಕ್ರಮದಲ್ಲಿ ಹೃದಯ, ರಕ್ತನಾಳ ಮತ್ತು ಮೂತ್ರಪಿಂಡಗಳನ್ನು ಕೆಡಿಸಬಲ್ಲದು ಎಂಬುದು ಅವರ ಮುಂದಿನ ಬರಹಗಳ ಸಾರ. ರೋಗಿಗೆ ಯಾವ ನೋವೂ ಇಲ್ಲದಿರುವಾಗ ನಾಡಿಯ ಗೆರೆಯೊಂದೇ ಅಪಾಯವನ್ನು ಸೂಚಿಸುತ್ತಿತ್ತು.

ನಿಧನ

೧೮೮೧ರಲ್ಲಿ ಗೈಸ್ ಆಸ್ಪತ್ರೆಯ ಸಹಾಯಕ ವೈದ್ಯರಾದ ಮೊಹಮದರು, ಬ್ರಿಟಿಷ್ ವೈದ್ಯಕೀಯ ಸಂಘದ ಮೂಲಕ ಅನೇಕ ವೈದ್ಯರಿಂದ ರೋಗವಿವರಗಳನ್ನು ಸಂಗ್ರಹಿಸುವ ಯೋಜನೆಗೂ ಶ್ರಮಿಸಿದರು. ೧೮೮೪ರ ನವೆಂಬರಿನಲ್ಲಿ, ತಮ್ಮ ೩೫ನೆಯ ವಯಸ್ಸಿನಲ್ಲಿ, ಟೈಫಾಯ್ಡ್ ಜ್ವರದಿಂದ ನಿಧನರಾದರು.

ಮಹತ್ವ

೧೮೯೬ರಲ್ಲಿ ಇಟಲಿಯ ರೀವಾ-ರೋಚ್ಚಿ ತೋಳಿನ ಗಾಳಿಪಟ್ಟಿಯನ್ನೂ, ೧೯೦೫ರಲ್ಲಿ ರಷ್ಯಾದ ಕೊರೊಟ್ಕಾವ್ ನಾಡಿಯ ಸದ್ದನ್ನು ಆಲಿಸುವ ಕ್ರಮವನ್ನೂ ಪರಿಚಯಿಸಿದರು. ಒತ್ತಡವು ಅಂಕಿಗಳಲ್ಲಿ ದೊರೆಯತೊಡಗಿದ ಮೇಲೆ ಅಲೆಯ ಅಧ್ಯಯನ ಹಿಂದೆ ಸರಿಯಿತು. ಇಂದು ಕೈಗಡಿಯಾರಗಳು ಚರ್ಮದೊಳಕ್ಕೆ ಬೆಳಕನ್ನು ಹಾಯಿಸಿ, ಹಿಂದಿರುಗುವ ಬೆಳಕಿನ ಏರಿಳಿತದಿಂದ ನಾಡಿಯ ಅಲೆಯನ್ನು ಪಡೆದು ರಕ್ತದೊತ್ತಡವನ್ನು ಅಂದಾಜಿಸುತ್ತವೆ. ಆದರೆ ಅಲೆಯ ಆಕಾರವು ಒತ್ತಡವನ್ನಷ್ಟೇ ಅಲ್ಲದೆ ರಕ್ತನಾಳದ ಗಡಸುತನವನ್ನೂ ಅವಲಂಬಿಸಿದೆ. ಆದುದರಿಂದ ಇಂತಹ ಹಲವು ಸಾಧನಗಳನ್ನು ಆಗಾಗ ಗಾಳಿಪಟ್ಟಿಯ ಅಳತೆಯೊಂದಿಗೆ ಸರಿಹೊಂದಿಸಬೇಕಾಗುತ್ತದೆ. ಅಲೆಯಿಂದ ಒತ್ತಡವನ್ನು ಅರಿಯುವ ಮೊಹಮದರ ಪ್ರಯತ್ನ ಹೀಗೆ ಹೊಸ ರೂಪದಲ್ಲಿ ಮುಂದುವರಿದಿದೆ.